ಮರದ ಮಾದರಿಗಳ ಸಂಗ್ರಹ

ಅಂಚೆಚೀಟಿ, ನಾಣ್ಯ, ಕಪ್ಪೆಚಿಪ್ಪು ಮೊದಲಾದವನ್ನು ಕೂಡಿಡುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಉಂಟು. ಮರದ ತುಂಡುಗಳನ್ನು ಕೂಡಿಡುವವರು ಮಾತ್ರ ವಿರಳ. ಹೀಗಾಗಲು ಕಾರಣ ಮರವು ದುರ್ಲಭವಾಗಿರುವುದಲ್ಲ; ಅತಿ ಪರಿಚಿತವಾಗಿರುವುದು. ಬಾಗಿಲು, ಮಂಚ, ಮಣೆ, ಕಡೆಗೋಲು, ನೇಗಿಲು, ವೀಣೆ, ಗೊಂಬೆ ಎಲ್ಲವೂ ಮರದಿಂದಾದವೇ. ಆದರೆ ಇವುಗಳಲ್ಲಿ ಯಾವುದು ಯಾವ ಮರದ್ದೆಂದು ಕೇಳಿದರೆ ಉತ್ತರ ಹೇಳಬಲ್ಲವರು ಎಷ್ಟು ಮಂದಿ?

ನಿಂತ ಮರವನ್ನು ಎಲೆ, ಹೂ, ಕಾಯಿ, ತೊಗಟೆಗಳಿಂದ ಗುರುತಿಸಬಹುದು. ಗರಗಸದಿಂದ ಹೊರಬಿದ್ದ ಹಲಗೆಗೆ ಇವು ಯಾವುವೂ ಇರುವುದಿಲ್ಲ. ಅನುಭವಸ್ಥನಾದ ಬಡಗಿಯು ಆ ಹಲಗೆಯನ್ನು ಕೈಯಲ್ಲಿ ತೂಗಿ, ಉಗುರಿನಿಂದ ಗೀಚಿ, ಮೂಸಿ ನೋಡಿ, ಇದು ಹೊನ್ನೆ, ಇದು ಮತ್ತಿ ಎಂದು ಹೇಳಿಬಿಡುತ್ತಾನೆ. ಈ ಅರಿವು ಪುಸ್ತಕದಿಂದ ಬಂದುದಲ್ಲ. ತಂದೆಯ ಕೈಕೆಳಗೆ ಉಳಿ ಹಿಡಿದು ಕಲಿತದ್ದು. ಕಬ್ಬಿಣ, ಪ್ಲೈವುಡ್ಡು, ಪ್ಲಾಸ್ಟಿಕ್ಕುಗಳು ಮರದ ಸ್ಥಾನವನ್ನು ಆಕ್ರಮಿಸಿರುವ ಈ ಕಾಲದಲ್ಲಿ ಅದು ಮುಂದಿನ ತಲೆಮಾರಿಗೆ ದಾಟುತ್ತಿರುವುದು ಕಡಿಮೆ. ಬಣ್ಣ ಬಳಿದ ಅಗ್ಗದ ಮರವನ್ನು ತೇಗವೆಂದು ನಂಬಿ ಕೊಳ್ಳುವವರೂ ಇದ್ದಾರೆ. ಆದುದರಿಂದ ಮರವನ್ನು ಗುರುತಿಸುವ ವಿದ್ಯೆಯು ಬರಿಯ ವಿನೋದವಲ್ಲ. ಅದು ಸಸ್ಯಶಾಸ್ತ್ರದ ಒಳ್ಳೆಯ ಪಾಠ, ಲೋಕವ್ಯವಹಾರಕ್ಕೆ ಬೇಕಾದ ಎಚ್ಚರ.

ಮರದ ಒಳರಚನೆ

ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ತೊಗಟೆ, ಒಳಗೆ ದಾರು, ನಡುವೆ ತಿರುಳು ಕಾಣುವುವು. ತೊಗಟೆಗೂ ದಾರುವಿಗೂ ಮಧ್ಯದಲ್ಲಿ ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಕೇಂಬಿಯಂ ಎಂಬ ಜೀವಂತ ಪೊರೆಯಿದೆ. ಇದು ಹೊರಮುಖವಾಗಿ ತೊಗಟೆಯ ಕೋಶಗಳನ್ನೂ ಒಳಮುಖವಾಗಿ ದಾರುವಿನ ಕೋಶಗಳನ್ನೂ ನಿರ್ಮಿಸುತ್ತದೆ. ಮರವು ದಪ್ಪವಾಗುವುದು ಹೀಗೆಯೇ.

ದಾರುವಿನ ಹೊರಭಾಗವು ಸಾಮಾನ್ಯವಾಗಿ ಬಿಳುಪು. ಬೇರು ಹೀರಿದ ನೀರು ಎಲೆಗಳಿಗೆ ಏರುವುದು ಇದರ ಮೂಲಕವೇ ಆದುದರಿಂದ ಇದಕ್ಕೆ ರಸಕಾಷ್ಠವೆಂದು ಹೆಸರು. ಕಾಲಕ್ರಮದಲ್ಲಿ ಒಳಭಾಗದ ಕೋಶಗಳು ಸತ್ತು, ಅವುಗಳಲ್ಲಿ ರಾಳ, ಟ್ಯಾನಿನ್, ಬಣ್ಣದ ದ್ರವ್ಯಗಳು ತುಂಬಿಕೊಳ್ಳುತ್ತವೆ. ಇದೇ ಕೆಚ್ಚು. ತೇಗದ ಹೊಂಬಣ್ಣ, ಬೀಟೆಯ ನೇರಳೆ ಮಿಶ್ರಿತ ಕಪ್ಪು, ಶ್ರೀಗಂಧದ ಪರಿಮಳ ಇವೆಲ್ಲವೂ ಕೆಚ್ಚಿನ ಗುಣಗಳು. ಗೆದ್ದಲು, ಬೂಸುಗಳನ್ನು ತಡೆಯುವ ಶಕ್ತಿಯೂ ಕೆಚ್ಚಿನಲ್ಲಿಯೇ ಹೆಚ್ಚು. ಎಳೆಯ ಕೊಂಬೆಯಲ್ಲಿ ಕೆಚ್ಚು ಬೆಳೆದಿರುವುದಿಲ್ಲವಾದ್ದರಿಂದ ಅದರ ತುಂಡು ಮಾದರಿಯಾಗಲು ಅಷ್ಟಾಗಿ ಯೋಗ್ಯವಲ್ಲ.

ಮಾವು, ಬೇವು, ತೇಗಗಳಂತಹ ಅಗಲವಾದ ಎಲೆಯ ಮರಗಳಲ್ಲಿ ನೀರನ್ನು ಸಾಗಿಸಲು ನೀಳವಾದ ನಾಳಗಳಿವೆ. ಅಡ್ಡಕೊಯ್ತದಲ್ಲಿ ಇವು ಸೂಜಿಯ ಮೊನೆಯಿಂದ ಚುಚ್ಚಿದಂತಹ ರಂಧ್ರಗಳಾಗಿ ತೋರುತ್ತವೆ. ತಿರುಳಿನಿಂದ ತೊಗಟೆಯ ಕಡೆಗೆ ಗಾಲಿಯ ಅರಗಳಂತೆ ಹಾಯುವ ತೆಳು ಗೆರೆಗಳು ಮಜ್ಜಾಕಿರಣಗಳು. ನಾಳಗಳ ಸುತ್ತಲೋ ಅಡ್ಡಪಟ್ಟೆಗಳಾಗಿಯೋ ಇರುವ ತಿಳಿಬಣ್ಣದ ಭಾಗವು ಆಹಾರವನ್ನು ಸಂಚಯಿಸುವ ಮೃದುಕೋಶಗಳ ಸಮೂಹ. ಉಳಿದುದು ಬಲವನ್ನು ಕೊಡುವ ನಾರು. ಈ ನಾಲ್ಕು ಘಟಕಗಳ ಗಾತ್ರ, ಸಂಖ್ಯೆ, ಜೋಡಣೆಗಳು ಮರದಿಂದ ಮರಕ್ಕೆ ಬೇರೆ. ಗುರುತಿಸುವ ವಿದ್ಯೆಗೆಲ್ಲ ಇದೇ ತಳಹದಿ.

ಸಂಗ್ರಹಿಸುವ ಕ್ರಮ

ಮಾದರಿಗಾಗಿ ಮರವನ್ನು ಕಡಿಯಬೇಕಾಗಿಲ್ಲ, ಕಡಿಯಲೂ ಬಾರದು. ಮರ ಕೊಯ್ಯುವ ಕಾರ್ಖಾನೆಯ ಚೂರುಗಳು, ಬಡಗಿಯ ಅಂಗಳದ ತುಂಡುಗಳು, ಗಾಳಿಗೆ ಉರುಳಿದ ಮರ, ಕೆಡವಿದ ಹಳೆಯ ಮನೆಯ ತೊಲೆ, ಇವೇ ಸಾಕು. ಅರಣ್ಯದಿಂದ ಒಣಗಿದ ಕಡ್ಡಿಯನ್ನಾದರೂ ಇಲಾಖೆಯ ಅನುಮತಿಯಿಲ್ಲದೆ ತರಬಾರದು. ಶ್ರೀಗಂಧ, ರಕ್ತಚಂದನಗಳ ವಿಷಯದಲ್ಲಿ ಕಾನೂನು ಬಹಳ ಬಿಗಿಯಾಗಿದೆ. ಇವನ್ನು ಸಂಸ್ಥೆಗಳ ಸಂಗ್ರಹಾಲಯದಲ್ಲಿ ನೋಡಿ ಕಲಿಯುವುದೇ ಲೇಸು.

ಅಂತರರಾಷ್ಟ್ರೀಯ ಮರಸಂಗ್ರಾಹಕರ ಸಂಘವೊಂದು ೧೯೪೭ರಲ್ಲಿ ಸ್ಥಾಪಿತವಾಯಿತು. ಅದರ ಸದಸ್ಯರು ೬ ಅಂಗುಲ ಉದ್ದ, ೩ ಅಂಗುಲ ಅಗಲ, ಅರ್ಧ ಅಂಗುಲ ದಪ್ಪದ ತುಂಡನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ನಾವೂ ಅದನ್ನೇ ಅನುಸರಿಸಿ, ಸುಮಾರು ೧೫ ಸೆಂ.ಮೀ. ಉದ್ದ, ೭.೫ ಸೆಂ.ಮೀ. ಅಗಲ, ೧.೨ ಸೆಂ.ಮೀ. ದಪ್ಪ ಇರುವಂತೆ ಕೊಯ್ಯಿಸಬಹುದು. ಎಲ್ಲ ತುಂಡುಗಳೂ ಒಂದೇ ಅಳತೆಯವಾದರೆ ಕೈಯಲ್ಲಿ ಹಿಡಿದೊಡನೆ ತೂಕದ ವ್ಯತ್ಯಾಸವು ತಾನಾಗಿ ತಿಳಿಯುತ್ತದೆ.

ಹಸಿಯ ಮರವನ್ನು ಬಿಸಿಲಿಗೆ ಹಾಕಿದರೆ ಹೊರಭಾಗವು ಬೇಗ ಒಣಗಿ ಕುಗ್ಗಿ ಸೀಳುತ್ತದೆ. ಆದುದರಿಂದ ತುಂಡನ್ನು ಸ್ವಲ್ಪ ದೊಡ್ಡದಾಗಿ ಕೊಯ್ದು, ಎರಡು ತುದಿಗಳಿಗೂ ಮೇಣ ಸವರಿ, ನೆರಳಿನಲ್ಲಿ ಗಾಳಿಯಾಡುವಂತೆ ಕೆಲವು ತಿಂಗಳು ಇಡಬೇಕು. ವಾರಕ್ಕೊಮ್ಮೆ ತೂಗಿ ಬರೆದಿಡಿರಿ. ತೂಕ ಇಳಿಯುವುದು ನಿಂತಾಗ ಒಣಗಿತೆಂದು ತಿಳಿಯಬಹುದು. ಅನಂತರ ಅಳತೆಗೆ ಸರಿಯಾಗಿ ಕೊಯ್ದು ಉಜ್ಜಬೇಕು. ಮೆರುಗೆಣ್ಣೆಯನ್ನು ಹಚ್ಚುವುದಾದರೆ ಅರ್ಧ ಮೈಗೆ ಮಾತ್ರ ಹಚ್ಚಿರಿ. ಬಣ್ಣ, ವಾಸನೆಗಳ ಪರೀಕ್ಷೆಗೆ ಬರಿಯ ಮೈ ಬೇಕು. ರಸಕಾಷ್ಠದಲ್ಲಿ ಪಿಷ್ಟವಿರುವುದರಿಂದ ಕೊರೆಹುಳುಗಳು ಅದನ್ನು ಅರಸಿ ಬರುತ್ತವೆ. ತುಂಡಿನಿಂದ ಹಿಟ್ಟಿನಂತಹ ಪುಡಿ ಉದುರಿದರೆ ಅದನ್ನು ಕೂಡಲೇ ಬೇರ್ಪಡಿಸತಕ್ಕದ್ದು.

ತುಂಡಿಗಿಂತಲೂ ಮುಖ್ಯವಾದುದು ಅದರ ದಾಖಲೆ. ಪ್ರತಿಯೊಂದಕ್ಕೂ ಸಂಖ್ಯೆ ಬರೆದು, ದಿನಚರಿಯಲ್ಲಿ ಆ ಸಂಖ್ಯೆಯೆದುರು ಊರಿನ ಹೆಸರು, ದೊರೆತ ದಿನ, ಕಾಂಡದ್ದೋ ಕೊಂಬೆಯದೋ ಎಂಬುದು, ಕೊಟ್ಟವರು ಹೇಳಿದ ಹೆಸರು, ಅವರು ತಿಳಿಸಿದ ಉಪಯೋಗ, ಇವನ್ನು ನಮೂದಿಸಬೇಕು. ನಿಂತ ಮರದಿಂದ ದೊರೆತುದಾದರೆ ಎಲೆ, ಹೂಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಜೊತೆಗಿಡಬೇಕು. ಇದೇಕೆಂದರೆ ನಾಡಹೆಸರುಗಳು ಮೋಸಮಾಡುವುದುಂಟು. ಬೇವು, ಹೆಬ್ಬೇವು, ಕರಿಬೇವುಗಳು ಹೆಸರಿನಲ್ಲಿ ಬಂಧುಗಳು. ಮೊದಲಿನ ಎರಡು ಒಂದೇ ಕುಟುಂಬದ ಬೇರೆ ಬೇರೆ ಕುಲದವು. ಕರಿಬೇವಾದರೋ ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದುದು. ಮತ್ತಿಯೆಂದರೆ ಕರಿಮತ್ತಿಯೋ ಬಿಳಿಮತ್ತಿಯೋ ಎಂದು ಕೇಳಬೇಕು. ದಾಖಲೆಯಿಲ್ಲದ ಮಾದರಿಯು ಸೌದೆಗೆ ಸಮಾನ.

ಗುರುತಿಸುವ ಬಗೆ

ಇದಕ್ಕೆ ಬೇಕಾದ ಸಲಕರಣೆ ಎರಡೇ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ ಮತ್ತು ಹರಿತವಾದ ಕ್ಷೌರದ ಅಲಗು. ತುಂಡಿನ ತುದಿಯನ್ನು ನೀರಿನಿಂದ ಒದ್ದೆಮಾಡಿ, ಅಲಗಿನಿಂದ ಒಂದೇ ಎಳೆತಕ್ಕೆ ತೆಳುವಾಗಿ ಹೆರೆದು ನುಣುಪಾದ ಅಡ್ಡಕೊಯ್ತವನ್ನು ಪಡೆಯಬೇಕು. ಗರಗಸದ ಗುರುತಿರುವ ಮೈಯಲ್ಲಿ ಏನೂ ಕಾಣದು. ಅಲಗನ್ನು ಯಾವಾಗಲೂ ಬೆರಳಿನಿಂದ ಆಚೆಗೆ ಎಳೆಯಿರಿ. ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ಮರದ ತುಂಡನ್ನು ಮಸೂರದ ಬಳಿಗೆ ತಂದು, ಬೆಳಕಿನೆದುರು ನೋಡಬೇಕು.

ಮೊದಲನೆಯ ಪ್ರಶ್ನೆ: ರಂಧ್ರಗಳಿವೆಯೇ? ಇಲ್ಲದಿದ್ದರೆ ಅದು ಪೈನ್, ದೇವದಾರುಗಳಂತಹ ಸೂಚೀಪರ್ಣಿ ಮರ. ಇವುಗಳಲ್ಲಿ ನಾಳಗಳೇ ಇಲ್ಲ. ಸರಕು ತುಂಬಿ ಬರುವ ಪೆಟ್ಟಿಗೆಗಳ ಪೈನ್ ಹಲಗೆಯಲ್ಲಿ ಇದನ್ನು ನೋಡಬಹುದು. ವಲಯವಾಗಲಿ ಕಿರಣವಾಗಲಿ ಇಲ್ಲದೆ ಕಂದುಬಣ್ಣದ ಚುಕ್ಕೆಗಳು ಎಲ್ಲೆಡೆ ಚೆದುರಿದ್ದರೆ ಅದು ತೆಂಗು ಅಥವಾ ಅದರ ಬಳಗದ್ದು.

ಎರಡನೆಯ ಪ್ರಶ್ನೆ: ರಂಧ್ರಗಳ ಜೋಡಣೆ ಹೇಗೆ? ತೇಗದಲ್ಲಿ ಪ್ರತಿ ವರ್ಷದ ಬೆಳವಣಿಗೆಯ ಆರಂಭದಲ್ಲಿ ಹುಟ್ಟಿದ ನಾಳಗಳು ದೊಡ್ಡವು. ಅವು ಸಾಲಾಗಿ ನಿಂತು ವಲಯವನ್ನು ರಚಿಸುತ್ತವೆ. ಅನಂತರದವು ಚಿಕ್ಕವು. ಇಂತಹ ಮರವನ್ನು ವಲಯರಂಧ್ರಿ ಎನ್ನುತ್ತಾರೆ. ಮಾವು, ಹಲಸು, ಬೇವುಗಳಲ್ಲಿ ರಂಧ್ರಗಳು ಹೆಚ್ಚುಕಡಿಮೆ ಸಮಗಾತ್ರವಾಗಿ ಹರಡಿಕೊಂಡಿವೆ, ಇವು ವಿಕೀರ್ಣರಂಧ್ರಿಗಳು. ತೇಗವೆಂದು ಮಾರಿದ ಬಣ್ಣದ ಹಲಗೆಯ ತುದಿಯನ್ನು ಹೆರೆದು ನೋಡಿದಾಗ ರಂಧ್ರಗಳ ಈ ಸಾಲು ಕಾಣದಿದ್ದರೆ ಸಂಶಯಪಡಲು ಕಾರಣ ಉಂಟು. ಬಣ್ಣವನ್ನು ಬಳಿಯಬಹುದು, ರಂಧ್ರಗಳನ್ನು ಮರುಜೋಡಿಸಲು ಯಾವ ವರ್ತಕನಿಗೂ ಸಾಧ್ಯವಿಲ್ಲ. ತೇಗಕ್ಕೆ ಜಿಡ್ಡಾದ ಸ್ಪರ್ಶವೂ ಹಳೆಯ ತೊಗಲಿನಂತಹ ವಾಸನೆಯೂ ಉಂಟೆಂಬುದನ್ನು ಇದರೊಡನೆ ಸೇರಿಸಿಕೊಳ್ಳಬೇಕು.

ಮೂರನೆಯ ಪ್ರಶ್ನೆ: ಮೃದುಕೋಶಗಳೂ ಕಿರಣಗಳೂ ಹೇಗಿವೆ? ಆಲ, ಅತ್ತಿಗಳಲ್ಲಿ ಮೃದುಕೋಶಗಳು ಅಗಲವಾದ ಅಲೆಯಂತಹ ಪಟ್ಟೆಗಳಾಗಿರುವುದರಿಂದ ಬರಿಗಣ್ಣಿಗೂ ಕಾಣುತ್ತವೆ. ಕಾಫಿತೋಟಗಳಲ್ಲಿ ನೆರಳಿಗಾಗಿ ಬೆಳೆಸುವ, ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಮರದ ಕಿರಣಗಳು ಬಹಳ ಅಗಲ. ಹಲಗೆಯನ್ನು ಕಿರಣದ ದಿಕ್ಕಿನಲ್ಲಿಯೇ ಸೀಳಿದರೆ ಅವು ಹೊಳೆಯುವ ಮಚ್ಚೆಗಳಾಗಿ ತೋರುತ್ತವೆ. ಬೀಟೆ ಮತ್ತು ಹೊನ್ನೆಗಳಲ್ಲಿ ಕಿರಣಗಳು ಅಂತಸ್ತು ಅಂತಸ್ತಾಗಿ ಕುಳಿತಿರುವುದರಿಂದ, ತೊಗಟೆಗೆ ಸಮಾನಾಂತರವಾದ ಮೈಯಲ್ಲಿ ನೀರಿನ ಕಿರುದೆರೆಗಳಂತಹ ಅಡ್ಡಗೆರೆಗಳನ್ನು ಕಾಣಬಹುದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರವು ದಂತದಂತೆ ಬಿಳಿದು. ರಂಧ್ರಗಳು ಅತಿ ಸಣ್ಣವಾದ್ದರಿಂದ ಕಡೆಯುವಾಗ ಮೈ ನುಣುಪಾಗುತ್ತದೆ, ಅರಗಿನ ಬಣ್ಣವು ಸಮನಾಗಿ ಹಿಡಿಯುತ್ತದೆ. ಕುಶಲಕರ್ಮಿಯು ಒಂದು ಕೆಲಸಕ್ಕೆ ಒಂದೇ ಮರವನ್ನು ಆರಿಸುವುದಕ್ಕೆ ಹೀಗೆ ರಚನೆಯಲ್ಲಿಯೇ ಕಾರಣವಿರುತ್ತದೆ.

ತೂಕದ ಪರೀಕ್ಷೆ

ಬಣ್ಣವನ್ನು ಮಾತ್ರ ನಂಬುವುದು ಸಲ್ಲದು. ಹೊಸದಾಗಿ ಕೊಯ್ದ ಹಲಸು ಹಳದಿ. ಬೆಳಕಿಗೆ ಒಡ್ಡಿದರೆ ಕ್ರಮೇಣ ಕಂದಾಗುತ್ತದೆ. ತೂಕವನ್ನು ಲೆಕ್ಕಹಾಕುವುದು ಇದಕ್ಕಿಂತ ಭರವಸೆಯ ದಾರಿ. ಮೇಲೆ ಹೇಳಿದ ತುಂಡಿನ ಘನಗಾತ್ರ ೧೫ × ೭.೫ × ೧.೨ = ೧೩೫ ಘನ ಸೆಂ.ಮೀ. ಅದು ೮೮ ಗ್ರಾಂ ತೂಗಿದರೆ ಸಾಂದ್ರತೆ ೮೮ ÷ ೧೩೫, ಎಂದರೆ ಸುಮಾರು ೦.೬೫, ಇದು ತೇಗಕ್ಕೆ ಸಮೀಪವಾದ ಬೆಲೆ. ಬೀಟೆಯದು ಸುಮಾರು ೦.೮೫. ಬೂರುಗದ್ದು ಇದರ ಅರ್ಧಕ್ಕೂ ಕಡಿಮೆಯಿರಬಹುದು. ನಮ್ಮ ಒಣನಾಡಿನ ಕಮರದ ಕೆಚ್ಚಾದರೋ ನೀರಿನಲ್ಲಿ ಮುಳುಗುವಷ್ಟು ಭಾರ. ಒಂದೇ ಜಾತಿಯ ಎರಡು ಮರಗಳಲ್ಲಿಯೂ ಸ್ವಲ್ಪ ವ್ಯತ್ಯಾಸವಿರುವುದರಿಂದ ಈ ಅಂಕಿಗಳನ್ನು ಸುಮಾರಾಗಿ ಗ್ರಹಿಸಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಕೋಶಗಳ ಗೋಡೆಯ ದ್ರವ್ಯವನ್ನು ಮಾತ್ರ ತೆಗೆದುಕೊಂಡರೆ ಅದರ ಸಾಂದ್ರತೆ ಎಲ್ಲ ಮರಗಳಲ್ಲಿಯೂ ಸುಮಾರು ೧.೫. ಹಾಗಾದರೆ ಮರ ತೇಲುವುದೇಕೆ? ಕೋಶಗಳೊಳಗಿನ ಗಾಳಿಯಿಂದ. ಬೂರುಗದಲ್ಲಿ ಗೋಡೆ ತೆಳು, ಗಾಳಿ ಹೆಚ್ಚು. ಕಮರದಲ್ಲಿ ಗೋಡೆ ದಪ್ಪ, ಗಾಳಿ ಕಡಿಮೆ.

ಹೊನ್ನೆಯ ನೀಲಿ ಬೆಳಕು

ಹೊನ್ನೆಯ ಕೆಚ್ಚಿನ ಒಂದು ಹಿಡಿ ಚಕ್ಕೆಗಳನ್ನು ಗಾಜಿನ ಲೋಟದ ನೀರಿನಲ್ಲಿ ಕೆಲವು ಗಂಟೆ ನೆನೆಹಾಕಿರಿ. ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ಕಪ್ಪು ಬಟ್ಟೆಯ ಮುಂದಿಟ್ಟು, ಬಿಸಿಲು ಬೀಳುವಂತೆ ಮಾಡಿ ಓರೆಯಾಗಿ ನೋಡಿದರೆ ಅದೇ ನೀರಿನಲ್ಲಿ ನೀಲಿಯ ಛಾಯೆ ತೋರುತ್ತದೆ. ಮರದಲ್ಲಿನ ದ್ರವ್ಯವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುವುದೇ ಇದಕ್ಕೆ ಕಾರಣ. ಮೆಕ್ಸಿಕೋ ದೇಶದ ಬೇರೊಂದು ಮರದಲ್ಲಿ ಇದೇ ವಿಚಿತ್ರವನ್ನು ಸ್ಪೇನಿನ ವೈದ್ಯ ಮೊನಾರ್ಡೆಸ್ ೧೫೬೫ರಲ್ಲಿ ವರ್ಣಿಸಿದನು. ರಾಬರ್ಟ್ ಬಾಯ್ಲ್ ೧೬೬೪ರಲ್ಲಿ ಅದನ್ನು ಕುರಿತು ಪ್ರಯೋಗಗಳನ್ನು ಪ್ರಕಟಿಸಿದನು. ಈ ವಿದ್ಯಮಾನಕ್ಕೆ ಪ್ರತಿದೀಪ್ತಿ ಎಂದು ನಾವು ಇಂದು ಹೇಳುವ ಅರ್ಥದ ಹೆಸರನ್ನು ಸ್ಟೋಕ್ಸ್ ಇಟ್ಟುದು ೧೮೫೨ರಲ್ಲಿ.

ನ್ಯಾಯಾಲಯದಲ್ಲಿ ಮರದ ಸಾಕ್ಷ್ಯ

೧೯೩೨ರ ಮಾರ್ಚ್ ೧ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಪ್ರಸಿದ್ಧ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗನ ಶಿಶುವನ್ನು ಯಾರೋ ಅಪಹರಿಸಿದರು. ಶಿಶುವು ಅನಂತರ ಸತ್ತುದಾಗಿ ತಿಳಿದುಬಂದಿತು. ಅಪರಾಧಿ ಬಿಟ್ಟುಹೋದುದು ಒಂದು ಮರದ ಏಣಿ. ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದ ಆರ್ಥರ್ ಕೋಲರ್ ಅದರ ಒಂದೊಂದು ಭಾಗವನ್ನೂ ಮಸೂರದ ಕೆಳಗಿಟ್ಟು ಮರದ ಜಾತಿಗಳನ್ನು ಗುರುತಿಸಿದನು. ಹಲಗೆಯ ಮೇಲೆ ಹತ್ತರಿಯಂತ್ರವು ಬಿಟ್ಟಿದ್ದ ಗುರುತುಗಳನ್ನು ಹಿಡಿದು ಅದು ಕೊಯ್ದ ಕಾರ್ಖಾನೆಯನ್ನೂ, ಕೊನೆಗೆ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಮರದ ಅಂಗಡಿಯೊಂದನ್ನೂ ಪತ್ತೆಮಾಡಿದನು. ೧೯೩೪ರಲ್ಲಿ ಹಾಪ್ಟ್‌ಮನ್ ಎಂಬವನು ಬೇರೆ ಸುಳಿವಿನಿಂದ ಸೆರೆಸಿಕ್ಕಾಗ, ಅವನ ಮನೆಯ ಅಟ್ಟದ ನೆಲದಲ್ಲಿ ಒಂದು ಹಲಗೆಯ ಭಾಗವನ್ನು ಕೊಯ್ದು ತೆಗೆದಿದ್ದುದು ಕಂಡಿತು. ಏಣಿಯ ಒಂದು ಕಂಬದ ವಲಯಗಳೂ ಮೊಳೆಯ ತೂತುಗಳೂ ಅಲ್ಲಿಗೆ ಹೊಂದುತ್ತವೆಂದು ಕೋಲರ್ ೧೯೩೫ರ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದನು. ಮರದ ವಲಯಗಳನ್ನು ಓದುವ ವಿದ್ಯೆಗೆ ನ್ಯಾಯಾಲಯದಲ್ಲಿ ದೊರೆತ ಮನ್ನಣೆಗೆ ಇದು ಪ್ರಸಿದ್ಧ ಉದಾಹರಣೆ.

ಇಂದು ಈ ವಿದ್ಯೆಯ ಹೊಣೆ ಇನ್ನೂ ಹೆಚ್ಚಿದೆ. ಬೀಟೆಯ ಕುಲದ ಮರಗಳೆಲ್ಲ ೨೦೧೭ರಿಂದ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿವೆ. ಆದರೆ ಬಂದರಿನಲ್ಲಿ ಬಿದ್ದ ದಿಮ್ಮಿಯು ಯಾವ ಮರದ್ದೆಂದು ಹೇಳುವವರಿಲ್ಲದಿದ್ದರೆ ಕಾನೂನು ಬರಿಯ ಕಾಗದವಾಗಿಯೇ ಉಳಿಯುವುದು. ಹೋಲಿಸಿ ನೋಡಲು ಪ್ರಮಾಣವಾದ ಮಾದರಿಗಳು ಬೇಕು. ೧೯೦೬ರಲ್ಲಿ ಸ್ಥಾಪಿತವಾದ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿಯೂ, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಅಂತಹ ಸಂಗ್ರಹಗಳಿವೆ. ಮಲ್ಲೇಶ್ವರದ ಸಂಸ್ಥೆಯ ಮೂಲವು ೧೯೩೮ರಲ್ಲಿ ಮೈಸೂರು ಸಂಸ್ಥಾನವು ತೆರೆದ ಅರಣ್ಯ ಪ್ರಯೋಗಾಲಯ.

ವಿದ್ಯಾರ್ಥಿಗಳು ಮೊದಲು ಹತ್ತು ಮರಗಳಿಂದ ತೊಡಗಬಹುದು: ತೇಗ, ಹೊನ್ನೆ, ಮತ್ತಿ, ಹಲಸು, ಮಾವು, ಬೇವು, ಜಾಲಿ, ಹುಣಿಸೆ, ಸಿಲ್ವರ್ ಓಕ್, ತೆಂಗು. ಹೆಸರನ್ನು ಮುಚ್ಚಿಟ್ಟು ಗೆಳೆಯರು ಒಬ್ಬರನ್ನೊಬ್ಬರು ಪರೀಕ್ಷಿಸಿರಿ. ಹತ್ತನ್ನೂ ತಪ್ಪಿಲ್ಲದೆ ಹೇಳುವಂತಾದಾಗ ಹನ್ನೊಂದನೆಯದನ್ನು ಸೇರಿಸಿರಿ. ಊರಿನ ಹಿರಿಯ ಬಡಗಿಯ ಬಳಿ ಕುಳಿತು, ಜಾಲಿಯನ್ನೇ ಗಾಡಿಯ ಗುಂಭಕ್ಕೂ ಹುಣಿಸೆಯನ್ನೇ ಕೊಡತಿಗೂ ಏಕೆ ಆರಿಸುತ್ತಿದ್ದರೆಂದು ಕೇಳಿ ಬರೆದುಕೊಳ್ಳಿರಿ. ಅವರು ಕೈಯಿಂದ ಕಲಿತುದಕ್ಕೆ ಮಸೂರದಲ್ಲಿ ಕಾರಣವನ್ನು ಕಂಡು ದಾಖಲೆ ಮಾಡಿದರೆ, ಒಂದು ತಲೆಮಾರಿನೊಡನೆ ಮರೆಯಾಗಬಹುದಾದ ಅರಿವು ನಿಮ್ಮ ಶಾಲೆಯ ಕಪಾಟಿನಲ್ಲಿ ಉಳಿದುಕೊಳ್ಳುತ್ತದೆ.