ಕಾರು ಕಿರುಗುಟ್ಟಿದರೆ ಹಾಡು ಜೋರು ಮಾಡಬೇಡಿ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನೀವು ಕಾರ್ಯಕ್ರಮಕ್ಕೆ ಬರುತ್ತೀರಲ್ಲ, ಗೇಟಿನ ಹತ್ತಿರ ನಿಂತವರಿಗೆ ತಿರುಗಿ ನೋಡುವ ಮೊದಲೇ ಗೊತ್ತಾಗುತ್ತದೆ, ಬಂದವರು ನೀವೇ ಅಂತ. ಅಷ್ಟು ಜೋರು ನಿಮ್ಮ ಕಾರಿನ ಕೀಚ್ ಕೀಚ್. ಕೇಳಿದರೆ "ಓಡ್ತಾ ಇದೆಯಲ್ಲ ಬಿಡಿ ಅತ್ತೆ" ಅನ್ನುತ್ತೀರಿ. ಸದ್ದು ಬಂದಾಗ ಸ್ಟೀರಿಯೋ ದನಿ ಏರಿಸುವವರೂ ನಿಮ್ಮಲ್ಲಿ ಇದ್ದಾರೆ, ನನಗೆ ಗೊತ್ತು. ಅದನ್ನು ಮೊದಲು ಬಿಡಿ.

"ನಿಧಾನಕ್ಕೆ ಹೋದಾಗ ಮಾತ್ರ ಬರುತ್ತೆ, ಜೋರಾಗಿ ಹೋದರೆ ಇರೋದೇ ಇಲ್ಲ" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಔಟರ್ ರಿಂಗ್ ರೋಡಿನಲ್ಲಿ ಗಾಳಿಯ ಭೋರು, ಟಯರಿನ ಸದ್ದು ಸೇರಿ ಅದನ್ನು ಮುಚ್ಚಿಹಾಕಿರುತ್ತವೆ, ಅಷ್ಟೆ. ಕೋಠಿಯಲ್ಲೋ ಸುಲ್ತಾನ್ ಬಜಾರಿನಲ್ಲೋ ಹತ್ತು-ಹದಿನೈದರ ವೇಗದಲ್ಲಿ ತೆವಳುವಾಗ ಅದೇ ಸದ್ದು ಮತ್ತೆ ಕಿವಿಗೆ ಬೀಳುತ್ತದೆ.

ಮೆಕ್ಯಾನಿಕ್ ಹತ್ತಿರ ಓಡುವ ಮುಂಚೆ ನೀವೇ ಒಂದಿಷ್ಟು ಕೇಳಿಸಿಕೊಳ್ಳಿ. ಭಾನುವಾರ ಬೆಳಗ್ಗೆ, ರಸ್ತೆ ಖಾಲಿ ಇರುವಾಗ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ಮೆಲ್ಲಗೆ ಓಡಿಸಿ. ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ, ಯಾವ ಪಕ್ಕದ್ದು ಅನ್ನುವುದು ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮನೆಯವರೊಬ್ಬರು ಕೂತಿರಲಿ, ಅವರ ಕಿವಿಯೂ ಕೆಲಸ ಮಾಡಲಿ. ಫೋನು ಮಾತ್ರ ಬೇಡ. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಸ್ವಲ್ಪ ಆಕ್ಸಿಲರೇಟರ್ ಕೊಡಿ. ನಿಂತಲ್ಲೇ ಸದ್ದು ಬಂದರೆ ದೋಷ ಇಂಜಿನ್ ಕಡೆಯದು. ಚಕ್ರ ಉರುಳಿದಾಗ ಮಾತ್ರ ಬಂದು, ವೇಗಕ್ಕೆ ತಕ್ಕಂತೆ ಬೇಗ ಬೇಗ ಆಗುತ್ತಿದ್ದರೆ ಚಕ್ರದ ಹತ್ತಿರ ಹುಡುಕಬೇಕು.

ಈಗ ಬ್ರೇಕಿನ ವಿಷಯ. ಇದನ್ನು ಗಮನವಿಟ್ಟು ಓದಿ. ಅನೇಕ ಕಾರುಗಳ ಬ್ರೇಕ್ ಪ್ಯಾಡಿಗೆ ತೆಳ್ಳನೆಯ ಉಕ್ಕಿನ ನಾಲಗೆಯೊಂದನ್ನು ಕೂರಿಸಿರುತ್ತಾರೆ. ಹೊಸ ಪ್ಯಾಡು ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಸವೆದು ಸವೆದು 2-3 ಮಿ.ಮೀ.ಗೆ ಇಳಿದಾಗ ಆ ನಾಲಗೆ ಡಿಸ್ಕಿಗೆ ತಗುಲಿ ಕಿರ್ರ್ ಅನ್ನುತ್ತದೆ. ನಿಮ್ಮನ್ನು ಎಚ್ಚರಿಸಲೆಂದೇ ಮಾಡಿದ ಸದ್ದು ಅದು! ನೀವು ನೋಡಿದರೆ ಅದನ್ನೇ ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತೀರಿ. ಬ್ರೇಕ್ ಒತ್ತದಿದ್ದಾಗಲೂ ಬರುತ್ತಿದ್ದ ಕೀರಲು ಸದ್ದು, ಕಾಲಿಟ್ಟ ಕೂಡಲೇ ನಿಂತರೂ ಅನುಮಾನ ಪ್ಯಾಡಿನ ಮೇಲೇ ಇರಲಿ. ಕಿರ್ರ್ ಹೋಗಿ ಕರಕರ ಶುರುವಾಯಿತೋ, ಲೋಹಕ್ಕೆ ಲೋಹ ಉಜ್ಜುತ್ತಿರಬಹುದು. ಆಗ ಓಡಿಸಲೇಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಪ್ಯಾಡಿನಲ್ಲಿ ಮುಗಿಯುವ ಖರ್ಚು ಡಿಸ್ಕಿನ ತನಕ ಹೋಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಹಾಗಂತ ಎಲ್ಲದಕ್ಕೂ ಹೆದರಬೇಡಿ. ಮಳೆಗಾಲದಲ್ಲಿ ರಾತ್ರಿಯೆಲ್ಲ ನೆನೆದ ಗಾಡಿಯ ಡಿಸ್ಕಿಗೆ ತೆಳು ತುಕ್ಕು ಹಿಡಿದು ಬೆಳಗ್ಗೆ ಕೆರೆಯುತ್ತದೆ, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡರೂ ಭಯಂಕರವಾಗಿ ಕಿರುಚುತ್ತದೆ, ತೆಗೆಸಿದರೆ ಮುಗಿಯಿತು. ಇನ್ನು ಮಾಲ್‌ಗಳ ಬೇಸ್‌ಮೆಂಟಿನಲ್ಲಿ ತಿರುವು ತಗೊಂಡಾಗ ಕೀಂಯ್ ಅನ್ನುವುದು ನುಣುಪು ನೆಲದ ಮೇಲೆ ಟಯರು ಉಜ್ಜುವ ಸದ್ದು. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಸ್ಪೀಡ್ ಬ್ರೇಕರ್ ಹತ್ತಿಳಿಯುವಾಗ ಕಿರ್ ಅಂದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಒಣಗಿರಬಹುದು, ಲಿಂಕ್ ರಾಡ್ ಸಡಿಲಾಗಿರಬಹುದು. ನಮ್ಮ ಹೈದರಾಬಾದಿನ ಗಲ್ಲಿಗಳಲ್ಲಿ ಉಬ್ಬುಗಳಿಗೇನು ಬರವೇ! ಗಾಡಿ ನಿಲ್ಲಿಸಿ ಒಂದೊಂದು ಮೂಲೆಯನ್ನೂ ಕೈಯಿಂದ ಒತ್ತಿ ಕುಲುಕಿ, ಎಲ್ಲಿ ಕಿರುಗುಟ್ಟುತ್ತದೋ ಗುರುತು ಮಾಡಿಕೊಳ್ಳಿ. ಬುಷ್‌ಗೆ ಕಂಡ ಕಂಡ ಎಣ್ಣೆ ಸುರಿಯಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕಿಗಂತೂ ಎಣ್ಣೆಯ ಒಂದು ಹನಿಯೂ ತಾಗಕೂಡದು. ಸದ್ದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ, ಇಲ್ಲವೇ ಏಸಿ ಹಾಕಿದೊಡನೆ ಚೀರಿದರೆ ಬೆಲ್ಟು ಸಡಿಲವಾಗಿದೆ ಅಥವಾ ಸವೆದಿದೆ ಅಂತ ಲೆಕ್ಕ. ಇಂಜಿನ್ ಓಡುವಾಗ ಅಲ್ಲಿ ಕೈ ಹಾಕಬೇಡಿ, ಸೆರಗು, ದುಪಟ್ಟಾ ಏನೂ ಹತ್ತಿರ ಹೋಗದಿರಲಿ.

ಇಷ್ಟು ಗೊತ್ತಾದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ. "ಭಾಯ್, ಗಾಡಿ ಮೇ ಆವಾಜ್ ಆರೀ" ಅಂತ ಕೀ ಕೊಟ್ಟು ಆಫೀಸಿಗೆ ಓಡಿದರೆ ಅವರು ತಾನೇ ಏನು ಮಾಡಿಯಾರು? ಶಾಕ್ ಅಬ್ಸಾರ್ಬರ್ ಬದಲಾಯಿಸಿ ಕೊಡುತ್ತಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮುಂದಿನ ಎಡಚಕ್ರ, ಇಪ್ಪತ್ತರ ವೇಗ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿ, ಪಕ್ಕ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಚಕ್ರ ಬಿಚ್ಚಿದಾಗ ನಿಂತು ನೋಡಿ. ಅನುಮಾನ ಪಡಿ ಅಂತಲ್ಲ, ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಹಾಗೆ. ತೆಗೆದ ಹಳೇ ಸಾಮಾನನ್ನು ಕೇಳಿ ಪಡೆಯಿರಿ.

ಸ್ಪೇರ್ ನೀವೇ ತರುವುದಾದರೆ ರಾಣಿಗಂಜಿನಲ್ಲಿ ಸಿಗುತ್ತದೆ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಪ್ಯಾಡು ತರಬೇಡಿ, ಬಿಲ್ಲಿಲ್ಲದೆ ಏನನ್ನೂ ಕೊಳ್ಳಬೇಡಿ. ಒಂದು ಪಕ್ಕದ ಪ್ಯಾಡು ಸವೆದಿದ್ದರೂ ಎರಡೂ ಪಕ್ಕ ಒಟ್ಟಿಗೇ ಹಾಕಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಮೊದಲ ಇನ್ನೂರು-ಮುನ್ನೂರು ಕಿಲೋಮೀಟರು ಸಾಧ್ಯವಾದಷ್ಟು ಜೋರು ಬ್ರೇಕ್ ಹಾಕದೆ ಓಡಿಸಿ, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೀದರಿಗೆ ಮದುವೆಗೆ ಹೊರಡುವುದಿದ್ದರೆ ಈ ಕೆಲಸವನ್ನು ಹಿಂದಿನ ಸಂಜೆಗೆ ಇಟ್ಟುಕೊಳ್ಳದೆ ಒಂದು ವಾರ ಮೊದಲೇ ಮುಗಿಸಿಕೊಳ್ಳಿ.