ಮುರುಗೋಡು ಮೀನಿನ ವಂಶದ ಲೆಕ್ಕ



ಬಿತ್ತಿದಂತೆ ಬೆಳೆ ಎಂಬ ಮಾತು ನಮಗೆಲ್ಲ ತಿಳಿದದ್ದೇ. ಹೊಲಕ್ಕೆ ಹಾಕುವ ರಾಗಿಯನ್ನು ನಾವು ಕೇರಿ, ಜೊಳ್ಳು ತೆಗೆದು, ಯಾವ ತಳಿ, ಎಲ್ಲಿಯದು ಎಂದು ವಿಚಾರಿಸಿ ಬಿತ್ತುತ್ತೇವೆ. ಆದರೆ ಕೆರೆಗೋ ಕೃಷಿಹೊಂಡಕ್ಕೋ ಮೀನುಮರಿ ಬಿಡುವಾಗ ಈ ವಿಚಾರಣೆ ಮಾಡುವವರು ವಿರಳ. ಮೀಸೆಯಿರುವ ಕಪ್ಪು ಮರಿ ಕಂಡರೆ ಸಾಕು, ಮುರುಗೋಡು ಎಂದು ಕೊಂಡು ತರುತ್ತೇವೆ. ಅದು ನಮ್ಮ ಮುರುಗೋಡಲ್ಲದೆ ಆಫ್ರಿಕದ್ದಾಗಿದ್ದರೆ ಆಗುವ ನಷ್ಟ ಒಂದು ವರ್ಷದ ಫಸಲಿನದಲ್ಲ. ಈ ನೀರಿನ ಬಿತ್ತನೆಯೇ ಕೆಟ್ಟುಹೋಗಬಹುದು. ಇದು ಹೇಗೆಂದು ತಿಳಿಯಬೇಕಾದರೆ ಮೀನಿನ ಮೈಯೊಳಗಿನ ವರ್ಣತಂತುಗಳ ವಿಷಯವನ್ನು ಸ್ವಲ್ಪ ಅರಿಯಬೇಕು.

ವರ್ಣತಂತು ಎಂದರೇನು?

ಮನೆಯನ್ನು ಇಟ್ಟಿಗೆಗಳಿಂದ ಕಟ್ಟಿದಂತೆ ಪ್ರತಿಯೊಂದು ಜೀವಿಯ ಮೈಯೂ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಜೀವಕೋಶದ ನಡುವಿನ ಬೀಜದಲ್ಲಿ ದಾರದ ತುಂಡುಗಳಂತಹ ವಸ್ತುಗಳಿರುತ್ತವೆ. ಇವೇ ವರ್ಣತಂತುಗಳು. ಮೈಬಣ್ಣ, ಬೆಳವಣಿಗೆ, ರೋಗ ತಡೆಯುವ ಶಕ್ತಿ ಮೊದಲಾದ ವಂಶದ ಗುಣಗಳೆಲ್ಲ ಈ ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ಇರುತ್ತವೆ.

ವರ್ಣತಂತುಗಳು ಜೋಡಿಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಮನುಷ್ಯನಿಗೆ 46, ಭತ್ತಕ್ಕೆ 24, ರಾಗಿಗೆ 36, ಕಾಟ್ಲಾ ಮತ್ತು ರೋಹು ಮೀನುಗಳಿಗೆ 50. ಮನುಷ್ಯನ ವರ್ಣತಂತುಗಳ ಸರಿಯಾದ ಎಣಿಕೆ ಪ್ರಕಟವಾದದ್ದು 1956ರಲ್ಲಿ ಎಂದರೆ ಈ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂದು ಊಹಿಸಬಹುದು.

ಮೀನಿನಲ್ಲಿ ಎಣಿಸುವ ಕ್ರಮ ಹೀಗೆ: ಜೀವಂತ ಮೀನಿಗೆ ಕಾಲ್ಚಿಸಿನ್ ಎಂಬ ಮದ್ದನ್ನು ಚುಚ್ಚುತ್ತಾರೆ. ನಮ್ಮ ಬೇಲಿಗಳ ಮೇಲೆ ಹಬ್ಬುವ ಅಗ್ನಿಶಿಖೆ ಬಳ್ಳಿಯ ಗೆಡ್ಡೆಯಲ್ಲಿಯೂ ಇರುವ ವಿಷವಸ್ತು ಇದೇ. ಎರಡಾಗುತ್ತಿರುವ ಜೀವಕೋಶ ಈ ಮದ್ದಿನಿಂದ ಅರ್ಧದಲ್ಲಿಯೇ ನಿಲ್ಲುತ್ತದೆ. ಬಳಿಕ ಮೀನಿನ ಮೂತ್ರಪಿಂಡದಿಂದ ಜೀವಕೋಶಗಳನ್ನು ತೆಗೆದು, ತೆಳುವಾದ ಉಪ್ಪುನೀರಿನಲ್ಲಿ ಉಬ್ಬಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆಗ ತಂತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಮೀಸೆಮೀನುಗಳ ಲೆಕ್ಕ

ಮುರುಗೋಡು, ಚೇಳುಮೀನು, ಗಿರ್ಲು, ಬಾಳೆಮೀನು ಇವೆಲ್ಲ ಒಂದೇ ದೊಡ್ಡ ಬಳಗ. ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ಮೀಸೆಯುಂಟು. ಆದರೆ ಇವುಗಳ ವರ್ಣತಂತುಗಳ ಸಂಖ್ಯೆ ಒಂದೇ ಅಲ್ಲ. ಭಾರತದ ಮುರುಗೋಡಿಗೆ 50. ಆಫ್ರಿಕದ ಮುರುಗೋಡಿಗೆ 56. ಚೇಳುಮೀನಿಗೆ ಹೆಚ್ಚಿನ ವರದಿಗಳಲ್ಲಿ 56. ಬಾಳೆಮೀನಿಗೆ 86ರ ಸುಮಾರು. ಈ ಬಳಗದ ಅನೇಕ ಜಾತಿಗಳಲ್ಲಿ ಸಂಖ್ಯೆ 56ರ ಆಸುಪಾಸಿನಲ್ಲಿರುವುದರಿಂದ, ಇವುಗಳ ಹಿರಿಯ ಮೂಲಕ್ಕೂ ಸುಮಾರು ಅಷ್ಟೇ ಇದ್ದಿರಬೇಕೆಂದು ವಿಜ್ಞಾನಿಗಳು ಎಣಿಸುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಆಫ್ರಿಕದ ಮುರುಗೋಡಿಗೂ ನಮ್ಮ ಚೇಳುಮೀನಿಗೂ ಸಂಖ್ಯೆ ಒಂದೇ ಎಂದ ಮಾತ್ರಕ್ಕೆ ಅವು ಒಂದೇ ಜಾತಿಯಲ್ಲ. ಎರಡು ಮನೆಗಳಲ್ಲಿ ಕಂಬಗಳ ಸಂಖ್ಯೆ ಒಂದೇ ಆದರೂ ಮನೆಗಳು ಬೇರೆಯಷ್ಟೆ. ತಂತುಗಳ ಆಕಾರ, ಅವುಗಳ ಮೇಲೆ ಗುಣಗಳು ಕೂತಿರುವ ಕ್ರಮ ಇವನ್ನೂ ನೋಡಬೇಕು.

ಒಂದೇ ಹೆಸರು, ಎರಡು ಮೀನು

1800-01ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಸಂಚರಿಸಿ ನಮ್ಮ ಕೃಷಿಯ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರ ಹೆಸರನ್ನು ನೀವು ಕೇಳಿರಬಹುದು. ಇವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು, 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಭಾರತದ ಮುರುಗೋಡಿಗೆ ಬಂಗಾಳದ ಜನ ಕರೆಯುವ ಮಾಗೂರ್ ಎಂಬ ಹೆಸರನ್ನೇ ಕೊಟ್ಟರು. ಅನಂತರದ ಪಂಡಿತರು ಇದನ್ನು ಜಾವಾ ದ್ವೀಪದ ಮುರುಗೋಡಿನೊಡನೆ ಸೇರಿಸಿ, ಎರಡನ್ನೂ ಕ್ಲೇರಿಯಸ್ ಬಟ್ರಾಕಸ್ ಎಂದೇ ಕರೆದರು.

ಆದರೆ ವರ್ಣತಂತುಗಳನ್ನು ಎಣಿಸಿದಾಗ ಗುಟ್ಟು ಹೊರಬಿತ್ತು. ಭಾರತದ ಮೀನಿಗೆ 50. ಅದೇ ಹೆಸರಿನ ಥಾಯ್ಲೆಂಡ್ ಮೀನಿಗೆ 100ರ ಆಸುಪಾಸು! ಹೊರಗೆ ಅಣ್ಣತಮ್ಮಂದಿರಂತೆ ಕಂಡರೂ ಒಳಗಿನ ಲೆಕ್ಕ ಬೇರೆ. ಈ ಶತಮಾನದಲ್ಲಿ ನಮ್ಮ ಮೀನಿಗೆ ಕ್ಲೇರಿಯಸ್ ಮಾಗೂರ್ ಎಂಬ ಹೆಸರು ಮರಳಿ ಬಂದಿದೆ. ಪಶ್ಚಿಮ ಘಟ್ಟದ ಕಡೆಯ ನೀರುಗಳಲ್ಲಿ ಕ್ಲೇರಿಯಸ್ ಡುಸ್ಸುಮಿಯೇರಿ ಎಂಬ ಇನ್ನೊಂದು ನಾಡಜಾತಿಯೂ ಉಂಟು. 2021ರಲ್ಲಿ ಮಾಗೂರ್ ಮೀನಿನ ಸಮಗ್ರ ವಂಶಲಿಪಿಯನ್ನು ನಮ್ಮ ದೇಶದ ವಿಜ್ಞಾನಿಗಳೇ ಓದಿ ಪ್ರಕಟಿಸಿದ್ದಾರೆ. ಲಕ್ನೋದಲ್ಲಿರುವ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯು 1983ರಿಂದಲೂ ಇಂತಹ ಕೆಲಸಕ್ಕಾಗಿಯೇ ಇದೆ.

ಲೆಕ್ಕ ಏಕೆ ಬದಲಾಗುತ್ತದೆ?

ಒಂದು ಉದ್ದನೆಯ ಹಗ್ಗ ನಡುವೆ ತುಂಡಾದರೆ ಎರಡಾಗುತ್ತದೆ. ಎರಡು ಚಿಕ್ಕ ಹಗ್ಗಗಳನ್ನು ಗಂಟು ಹಾಕಿದರೆ ಒಂದಾಗುತ್ತದೆ. ಹಗ್ಗದ ಮೊತ್ತ ಅಷ್ಟೇ, ಎಣಿಕೆ ಮಾತ್ರ ಬೇರೆ. ವರ್ಣತಂತುಗಳಲ್ಲಿಯೂ ಹೀಗೆಯೇ ಆಗುತ್ತದೆ. ಕೆಲವೊಮ್ಮೆ ತಂತಿನ ಒಂದು ಭಾಗ ಕಳಚಿ, ತಿರುವುಮುರುವಾಗಿ ಅಂಟಿಕೊಳ್ಳುವುದೂ ಉಂಟು. ಇನ್ನು ಕೆಲವೊಮ್ಮೆ ಇಡೀ ಕಟ್ಟೇ ಇಮ್ಮಡಿಯಾಗುತ್ತದೆ. ನಮ್ಮ ರಾಗಿಯೇ ಇದಕ್ಕೆ ಸಾಕ್ಷಿ. ಹಾದಿಬದಿಯಲ್ಲಿ ಬೆಳೆಯುವ, ರಾಗಿಯ ನಂಟಿನ ಒಂದು ಹುಲ್ಲಿಗೆ ತಂತುಗಳು 18; ರಾಗಿಯಲ್ಲಿ ಎರಡು ಮೂಲಗಳ ಕಟ್ಟು ಕೂಡಿ 36 ಆಗಿವೆ. ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಗೂ ಹೀಗೆಯೇ ಇಮ್ಮಡಿಯಾಗಿ 100 ಇವೆ.

ಇಂತಹ ಬದಲಾವಣೆಗಳು ನೆಲೆಗೊಳ್ಳಲು ಸಾಮಾನ್ಯವಾಗಿ ದೀರ್ಘಕಾಲ ಬೇಕು. ಬೆಟ್ಟ, ಸಮುದ್ರ, ಒಣಭೂಮಿ ನಡುವೆ ಬಂದು ಒಂದು ನೀರಿನ ಮೀನು ಇನ್ನೊಂದು ನೀರಿನ ಮೀನನ್ನು ಸೇರದೆ ಉಳಿದಾಗ, ಎರಡರ ಲೆಕ್ಕವೂ ಬೇರೆಬೇರೆ ದಾರಿ ಹಿಡಿಯುತ್ತದೆ. ಆಫ್ರಿಕಕ್ಕೂ ನಮಗೂ ನಡುವೆ ಇದ್ದ ಈ ಅಂತರವನ್ನು ಮನುಷ್ಯ ಒಂದು ಡಬ್ಬಿ ಮರಿಯಿಂದ ಅಳಿಸಿಬಿಡಬಲ್ಲ.

ಬೆರಕೆ: ರಾಗಿಯಲ್ಲಿ ಲಾಭ, ಮೀನಿನಲ್ಲಿ ಅಪಾಯ

ಆಫ್ರಿಕದ ರಾಗಿಯನ್ನು ಬೆರೆಸಿದ್ದರಿಂದ ನಮಗೆ ಒಳ್ಳೆಯದೇ ಆಯಿತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಹೆಚ್ಚಿತು. ಆದರೆ ಅವೆರಡೂ ಒಂದೇ ಜಾತಿಯ ರಾಗಿ, ಎರಡಕ್ಕೂ 36. ಪೈರು ಹೊಲದಲ್ಲಿ ನಮ್ಮ ಕಣ್ಣೆದುರಿಗಿತ್ತು, ಬೇಡವಾದದ್ದನ್ನು ಕಿತ್ತೊಗೆಯಬಹುದಿತ್ತು.

ಮೀನಿನ ವಿಷಯ ಹಾಗಲ್ಲ. ನಮ್ಮ ಮುರುಗೋಡಿನ ಮೊಟ್ಟೆಯಲ್ಲಿ 25, ಆಫ್ರಿಕದ ಗಂಡಿನ ಬೀಜದಲ್ಲಿ 28. ಎರಡೂ ಕೂಡಿ ಮರಿ ಹುಟ್ಟಿದರೆ 53. ಇದು ಬೆಸ ಸಂಖ್ಯೆ, ಜೋಡಿ ಸರಿಹೊಂದುವುದಿಲ್ಲ. ಇಂತಹ ಮರಿ ಬೆಳೆದು ತಕ್ಕಡಿಗೆ ಬಂದೀತು, ಆದರೆ ಅದರಿಂದ ಒಳ್ಳೆಯ ಸಂತಾನವನ್ನು ನಂಬುವಂತಿಲ್ಲ. ನಮ್ಮ ಹೆಣ್ಣಿನ ಒಂದು ಮಳೆಗಾಲದ ಮೊಟ್ಟೆಯೆಲ್ಲ ವ್ಯರ್ಥವಾದಂತೆಯೇ ಸರಿ.

ಹಾಗೆಂದು ಲೆಕ್ಕ ಬೇರೆಯಿದ್ದರೆ ಬೆರಕೆ ಮುಂದುವರಿಯದು ಎಂದು ನಿಶ್ಚಿಂತೆಯಿಂದ ಕೂರಲೂ ಆಗದು. ಥಾಯ್ಲೆಂಡಿನಲ್ಲಿ 54 ತಂತುಗಳ ಸ್ಥಳೀಯ ಹೆಣ್ಣನ್ನು 56ರ ಆಫ್ರಿಕದ ಗಂಡಿನೊಡನೆ ಕೂಡಿಸಿ ಮಿಶ್ರತಳಿಯನ್ನು ವ್ಯಾಪಕವಾಗಿ ಸಾಕಿದರು. 2000ದ ದಶಕದಲ್ಲಿ ಪರೀಕ್ಷಿಸಿದಾಗ ಅಲ್ಲಿಯ ಕಾಡುಮೀನಿನಲ್ಲಿಯೂ ಆಫ್ರಿಕದ ವಂಶಗುಣಗಳು ಸೇರಿದ್ದು ಕಂಡುಬಂತು. ಹಾಲಿಗೆ ಬಿದ್ದ ನೀರನ್ನು ಮತ್ತೆ ಬೇರ್ಪಡಿಸುವವರು ಯಾರು?

ಇದಲ್ಲದೆ ಆಫ್ರಿಕದ ಮೀನು ಬಕಾಸುರ. ಕೆರೆಯ ಸಣ್ಣ ಮೀನು, ಮೊಟ್ಟೆ, ಕಪ್ಪೆ ಯಾವುದನ್ನೂ ಬಿಡದು. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದ್ದರಿಂದ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಆದ್ದರಿಂದ ಕೇಂದ್ರ ಸರ್ಕಾರ ಇದರ ಸಾಕಣೆಯನ್ನು ನಿಷೇಧಿಸಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಕ್ರಮಕ್ಕೆ ಆದೇಶಿಸಿತು. ಹೀಗಿದ್ದೂ ಬೆಂಗಳೂರಿನ ಸುತ್ತಿನಲ್ಲಿ ಕಳ್ಳಹೊಂಡಗಳು ಸಿಕ್ಕಿಬಿದ್ದಿವೆ.

ಹಿಂದೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿರುವ ವಸಂತಪುರದ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ದೊಡ್ಡಕಲ್ಲಸಂದ್ರ, ಸುಬ್ರಹ್ಮಣ್ಯಪುರಗಳ ಕೆರೆಗಳು ಅಲ್ಲಿಗೆ ಹತ್ತಿರದವು. ನಮ್ಮ ಹಿರಿಯರು ಈ ಸೀಮೆಯ ಕೆರೆಗಳನ್ನು ಕಟ್ಟಿದ್ದು, ಮೇಲಿನದರ ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ. ಜೋರು ಮಳೆ ಬಂದ ರಾತ್ರಿ, ಒಂದು ಕೆರೆಗೆ ಬಿಟ್ಟ ಮೀನು ಅಪ್ಪಣೆ ಕೇಳದೆ ಮುಂದಿನ ಕೆರೆಗೆ ಇಳಿಯುತ್ತದೆ.

ಜಾತಿ ಶುದ್ಧವಾಗಿದ್ದರೆ ಸಾಲದು, ವೈವಿಧ್ಯವೂ ಬೇಕು

ನಾಡ ಮುರುಗೋಡಿನ ಮರಿಗಳನ್ನೇ ತಂದರೂ ಇನ್ನೊಂದು ಸಂಗತಿಯುಂಟು. ಒಂದೇ ಜಾತಿಯೊಳಗೂ ಒಂದು ಮೀನಿನಂತೆ ಇನ್ನೊಂದಿಲ್ಲ. ಒಂದು ಬರ ತಾಳುತ್ತದೆ, ಒಂದು ರೋಗ ತಾಳುತ್ತದೆ. ಈ ವೈವಿಧ್ಯವೇ ಕಷ್ಟಕಾಲದ ಕಣಜ. ಎಲ್ಲವೂ ಒಂದೇ ತಾಯಿತಂದೆಯ ಮರಿಗಳಾದರೆ ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ತುತ್ತಾಗಬಹುದು.

ಮರಿ ಉತ್ಪಾದನೆಯಲ್ಲಿ ಮುರುಗೋಡಿನ ಗಂಡಿನಿಂದ ಹಾಲನ್ನು ಗೆಂಡೆಯಂತೆ ಹಿಂಡಿ ತೆಗೆಯಲಾಗದು. ಗಂಡನ್ನು ಕೊಂದೇ ತೆಗೆಯುವುದು ವಾಡಿಕೆ. ಆದ್ದರಿಂದ ಖರ್ಚು ಉಳಿಸಲು ಕಡಿಮೆ ಗಂಡುಗಳನ್ನು ಬಳಸುವ ಆಸೆ ಸಹಜ. ಅದರ ಫಲ ನೋಡಿ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮೀನಿನ ಸಂಖ್ಯೆಯಿಂದ ಭಾಗಿಸಿದರೆ ವಂಶದ ದೃಷ್ಟಿಯಿಂದ ನಿಜವಾಗಿ ಎಷ್ಟು ಮೀನುಗಳಿದ್ದಂತೆ ಎಂಬುದು ತಿಳಿಯುತ್ತದೆ. 26 ಗಂಡು, 26 ಹೆಣ್ಣು ಇದ್ದರೆ ಉತ್ತರ 52. ಅದೇ 52 ಮೀನುಗಳಲ್ಲಿ 2 ಗಂಡು, 50 ಹೆಣ್ಣು ಇದ್ದರೆ ಉತ್ತರ 8ಕ್ಕೂ ಕಡಿಮೆ! ತೊಟ್ಟಿ ತುಂಬಿದೆ, ವಂಶ ಬಡವಾಗಿದೆ. ಮಾಗೂರ್ ಮೀನು ಈಗಾಗಲೇ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿರುವುದರಿಂದ ಈ ಎಚ್ಚರ ಇಮ್ಮಡಿ ಬೇಕು.

ನಾವು ಮಾಡಬೇಕಾದದ್ದು

1. ಮೀನುಮರಿಯನ್ನು ಮೀನುಗಾರಿಕೆ ಇಲಾಖೆಯಿಂದಲೋ ಇಲಾಖೆ ಒಪ್ಪಿದ ಕೇಂದ್ರದಿಂದಲೋ ಕೊಳ್ಳಿರಿ. ಸಂತೆಯಲ್ಲಿ, ದಾರಿಯಲ್ಲಿ ಮಾರುವವರಿಂದ ಬೇಡ.

2. ಕೆಲವೇ ತಿಂಗಳಲ್ಲಿ ಒಂದು ಕಿಲೋ ತೂಗುತ್ತದೆ ಎಂದು ಹೊಗಳಿದರೆ ಸಂಶಯಪಡಿರಿ. ನಾಡ ಮುರುಗೋಡು ಸಾಮಾನ್ಯವಾಗಿ ಒಂದು, ಒಂದೂವರೆ ಅಡಿಯನ್ನು ಮೀರದು. ಆಫ್ರಿಕದ್ದು ಆಳುದ್ದ ಬೆಳೆಯಬಲ್ಲದು, ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿರುತ್ತವೆ. ಸಂದೇಹವಿದ್ದರೆ ಹೆಬ್ಬಾಳದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿಯೋ ಇಲಾಖೆಯಲ್ಲಿಯೋ ತೋರಿಸಿರಿ.

3. ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಮೀನನ್ನು ಕೆರೆ, ಕಲ್ಯಾಣಿಗಳಿಗೆ ಬಿಡಬೇಡಿರಿ. ಗಾಜು ನೆಕ್ಕುವ ಮೀನು ಕೂಡ ದಕ್ಷಿಣ ಅಮೆರಿಕದ ಮೀಸೆಮೀನೇ.

4. ಮುರುಗೋಡು ಮಳೆಗಾಲದಲ್ಲಿ ನೀರು ನಿಂತ ಗದ್ದೆ, ಕೆರೆಯಂಚುಗಳಲ್ಲಿ ಗುಳಿ ಮಾಡಿ ಮೊಟ್ಟೆಯಿಡುತ್ತದೆ, ಗಂಡು ಕಾವಲಿರುತ್ತದೆ. ಆ ದಿನಗಳಲ್ಲಿ ಅಂಚನ್ನು ಕೆದಕಬೇಡಿರಿ, ಕಾವಲಿನ ಮೀನನ್ನು ಹಿಡಿಯಬೇಡಿರಿ.

5. ಮರಿ ಮಾಡುವವರು ಗಂಡು ಹೆಣ್ಣುಗಳನ್ನು ಸಮವಾಗಿ ಬಳಸಲಿ. ಬೇರೆಬೇರೆ ಕಡೆಯ ತಾಯಿಮೀನುಗಳನ್ನು ಇಟ್ಟುಕೊಳ್ಳಲಿ. ಯಾವುದು ಎಲ್ಲಿಯದೆಂದು ಪುಸ್ತಕದಲ್ಲಿ ಬರೆದಿಡಲಿ.

ಕೂಟದಲ್ಲಿ ಚರ್ಚೆಗೆ

ಅ) ನಿಮ್ಮ ಊರ ಕೆರೆಯಲ್ಲಿ ಹಿಂದೆ ಯಾವ ಯಾವ ಮೀಸೆಮೀನುಗಳಿದ್ದವು? ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ. ಈಗ ಎಷ್ಟು ಉಳಿದಿವೆ?

ಆ) 5 ಗಂಡು, 45 ಹೆಣ್ಣು ಇಟ್ಟು ಮರಿ ಮಾಡಿದರೆ ಲೆಕ್ಕಕ್ಕೆ ಎಷ್ಟು ಮೀನು? (ಉತ್ತರ: 18)

ಇ) ನಿಮ್ಮ ಕೆರೆಯ ಕೋಡಿ ನೀರು ಯಾವ ಕೆರೆಗೆ ಹೋಗುತ್ತದೆ? ಅಲ್ಲಿಯವರೊಡನೆ ಈ ವಿಷಯ ಮಾತನಾಡಿದ್ದೀರಾ?

ಬಿತ್ತನೆ ರಾಗಿಯ ಮಡಕೆಯನ್ನು ನಮ್ಮ ತಾಯಂದಿರು ಎಂತಹ ಬರದಲ್ಲಿಯೂ ಮುಟ್ಟುತ್ತಿರಲಿಲ್ಲ. ಕೆರೆಯಲ್ಲಿ ಈಜುವ ನಾಡಮೀನೂ ಅಂತಹ ಬಿತ್ತನೆಯೇ. ಅದನ್ನು ಕಾಯುವ ಹೊಣೆ ನಮ್ಮೆಲ್ಲರದು.