ಕೆಲಸ ಬಂದಾಗ ಕೊಳ್ಳೋಣ

*ಇಂದಿನ ಧಮ್ಮ ಚಿಂತನೆ*



ನಮ್ಮ ಬಳಗದ ಯುವಕರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಇವತ್ತು ಎತ್ತಿಕೊಳ್ಳೋಣ. "ತೃಷ್ಣೆಯೇ ದುಃಖಕ್ಕೆ ಮೂಲ ಎನ್ನುತ್ತೀರಿ. ಹಾಗಾದರೆ ಹೊಸ ಫೋನು, ಸ್ಮಾರ್ಟ್ ಟಿವಿ, ಟ್ಯಾಬ್ ಕೊಳ್ಳುವುದು ತಪ್ಪಾ ಸರ್? ತಪ್ಪಲ್ಲ ಅಂದರೆ ಯಾವಾಗ ಕೊಳ್ಳಬೇಕು?"

ಪ್ರಶ್ನೆ ಸಣ್ಣದಲ್ಲ. ನಾವು ಧಮ್ಮಚಕ್ರ ಪ್ರವರ್ತನ ದಿನ ಆಚರಿಸುವ ವಿಜಯದಶಮಿಯ ಆಸುಪಾಸಿನಲ್ಲೇ ಆನ್‌ಲೈನ್ ಅಂಗಡಿಗಳ ದೊಡ್ಡ ಮಾರಾಟವೂ ಶುರುವಾಗುತ್ತದೆ. ಬೆಳಿಗ್ಗೆ ಫೋನಿಗೆ ಇಪ್ಪತ್ತೆರಡು ಪ್ರತಿಜ್ಞೆಗಳ ಸಂದೇಶ ಬರುತ್ತದೆ, ಮಧ್ಯಾಹ್ನ ಅದೇ ಫೋನಿಗೆ "ಇನ್ನು ಎರಡೇ ಗಂಟೆ" ಎಂಬ ಆಫರ್ ಬರುತ್ತದೆ. ಎರಡನ್ನೂ ಓದುವವರು ನಾವೇ.

*ಬಡತನ ನಮಗೆ ಆದರ್ಶವಲ್ಲ*

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಒಳ್ಳೆಯ ವಸ್ತು ಇಟ್ಟುಕೊಳ್ಳುವುದು ನಮಗೆ ಪಾಪವಲ್ಲ. ನಮ್ಮ ಜನರ ಚರಿತ್ರೆಯಲ್ಲಿ ಕೊಳ್ಳುವುದು ಬರೀ ಕೊಳ್ಳುವುದಾಗಿ ಎಂದೂ ಇರಲಿಲ್ಲ. 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ದಾಖಲಿಸಿದ ಘಟನೆಗಳನ್ನು ನೆನೆಯಿರಿ. 1935ರ ನವೆಂಬರ್‌ನಲ್ಲಿ ಅಹಮದಾಬಾದ್ ಜಿಲ್ಲೆಯ ಜಾನು ಎಂಬ ಹಳ್ಳಿಯಲ್ಲಿ, ಅಸ್ಪೃಶ್ಯರ ಪೈಕಿ ಅನುಕೂಲಸ್ಥ ಮನೆಗಳ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತರಲು ಆರಂಭಿಸಿದರು. ಅಷ್ಟಕ್ಕೇ ಅವರ ಮೇಲೆ ಹಲ್ಲೆಯಾಯಿತು. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ತೀರ್ಥಯಾತ್ರೆ ಮುಗಿಸಿ ಬಂದವನೊಬ್ಬ ತನ್ನವರಿಗೆ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಇತ್ತು ಎಂಬ ಕಾರಣಕ್ಕೆ ದೊಣ್ಣೆ ಹಿಡಿದು ಬಂದವರು ಎಲೆಯ ಮುಂದೆ ಕುಳಿತವರನ್ನು ಓಡಿಸಿದರು.

ಒಂದು ಕೊಡ, ಒಂದು ಚಮಚ ತುಪ್ಪ. ಇಷ್ಟನ್ನೂ ಬಳಸಬಾರದು ಎಂದವರ ನಡುವೆ ಬದುಕಿ ಬಂದವರಿಗೆ "ಆಸೆ ಬಿಡಿ, ಸರಳವಾಗಿರಿ" ಎಂದು ಉಪದೇಶ ಮಾಡುವುದು ಅನ್ಯಾಯ. ನಮ್ಮ ಹುಡುಗನೊಬ್ಬ ಒಳ್ಳೆಯ ಫೋನು ಹಿಡಿದರೆ "ಇವನಿಗೇಕೆ ಇದು?" ಎಂದು ಕೇಳುವ ಕಣ್ಣುಗಳು ಇಂದಿಗೂ ಇವೆ. ಅಂಥವರಿಗೆ ನಾವು ಲೆಕ್ಕ ಒಪ್ಪಿಸಬೇಕಾಗಿಲ್ಲ.

ಯಂತ್ರಗಳ ಬಗೆಗೂ ಬಾಬಾಸಾಹೇಬರ ನಿಲುವು ಸ್ಪಷ್ಟವಾಗಿತ್ತು. 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ ಮತ್ತು ಗಾಂಧೀಜಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಪ್ರಶ್ನಿಸುವ ಕೃತಿಯಲ್ಲಿ ಅವರು ಯಂತ್ರವಿರೋಧವನ್ನು ಖಂಡಿಸಿದರು. ದುಡಿಮೆಯ ಭಾರ ಇಳಿದರೆ ಮಾತ್ರ ಮನುಷ್ಯನಿಗೆ ಬಿಡುವು ಸಿಗುತ್ತದೆ, ಬಿಡುವು ಇದ್ದರೆ ಮಾತ್ರ ಓದು, ಚಿಂತನೆ, ಸಂಸ್ಕೃತಿ ಸಾಧ್ಯ ಎಂಬುದು ಅವರ ವಾದ. ದೋಷ ಇರುವುದು ಯಂತ್ರದಲ್ಲಲ್ಲ, ಅದರ ಲಾಭ ಕೆಲವರಿಗೇ ಸೇರುವಂತೆ ಮಾಡಿದ ಸಮಾಜದ ವ್ಯವಸ್ಥೆಯಲ್ಲಿ ಎಂದರು. ಮನೆಯ ಮಿಕ್ಸಿ, ವಾಷಿಂಗ್ ಮೆಷಿನ್ ಅಮ್ಮನಿಗೆ ಒಂದು ಗಂಟೆ ಬಿಡುವು ಕೊಟ್ಟು, ಆ ಗಂಟೆಯಲ್ಲಿ ಆಕೆ ವಿಹಾರಕ್ಕೆ ಬರುವಂತಾದರೆ ಅದು ಒಳ್ಳೆಯ ಖರೀದಿ.

*ಹಾಗಾದರೆ ತೊಡಕು ಎಲ್ಲಿದೆ?*

ನಮ್ಮ ಈ ಗಾಯ ಮಾರುಕಟ್ಟೆಗೂ ಗೊತ್ತಿದೆ. ಗೌರವ ಸಿಗದವರಿಗೆ ಅದು ಗೌರವವನ್ನು ಕಂತಿನ ಮೇಲೆ ಮಾರುತ್ತದೆ. ಜಾನು ಹಳ್ಳಿಯ ಹೆಣ್ಣುಮಕ್ಕಳ ಕೊಡ ಅವರದೇ ಆಗಿತ್ತು, ಅದರಲ್ಲಿ ದಿನಾ ನೀರು ಬರುತ್ತಿತ್ತು. ಹನ್ನೆರಡು ಕಂತಿನ ಫೋನು ಹನ್ನೆರಡನೆಯ ತಿಂಗಳವರೆಗೆ ಅರ್ಧ ನಮ್ಮದು, ಅರ್ಧ ಸಾಲ ಕೊಟ್ಟವರದು. ಅಷ್ಟರಲ್ಲಿ ಅದರ ಮುಂದಿನ ಮಾದರಿ ಬಂದು ನಮ್ಮ ಕೈಯಲ್ಲಿರುವುದು 'ಹಳೆಯದು' ಆಗಿರುತ್ತದೆ.

ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ನ್ಯಾಯವಾಗಿ ದುಡಿದ ಸಂಪತ್ತು ಇರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಗೃಹಸ್ಥರಿಗಾಗಿ ಇರುವ ಉಪದೇಶಗಳಲ್ಲಿ ಇದನ್ನೂ ಸೇರಿಸಿದ್ದಾರೆ. ಗಮನಿಸಿ, ಮೊದಲ ಎರಡು ಸುಖಗಳು ಇಟ್ಟುಕೊಳ್ಳುವುದಕ್ಕೆ, ಅನುಭವಿಸುವುದಕ್ಕೆ ಸಂಬಂಧಿಸಿದವು. ಬುದ್ಧರು ಅವನ್ನು ತಳ್ಳಿಹಾಕಲಿಲ್ಲ. ಆದರೆ ಎರಡನೆಯ ಸುಖಕ್ಕಾಗಿ ಮೂರನೆಯದನ್ನು ಅಡವಿಟ್ಟರೆ ಲೆಕ್ಕ ತಪ್ಪುತ್ತದೆ.

ಕೋಲಿಯರ ನಾಡಿನ ದೀಘಜಾಣು ಎಂಬ ಗೃಹಸ್ಥನಿಗೂ ಅವರು ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು. ತಕ್ಕಡಿ ಹಿಡಿದವನಿಗೆ ಯಾವ ಕಡೆ ಎಷ್ಟು ವಾಲಿದೆ ಎಂದು ಗೊತ್ತಿರುವಂತೆ ಗೃಹಸ್ಥನಿಗೆ ತನ್ನ ಆದಾಯ ಮತ್ತು ಖರ್ಚು ಗೊತ್ತಿರಬೇಕು. ಆದಾಯ ಕಡಿಮೆಯಿದ್ದೂ ದೊಡ್ಡ ಖರ್ಚಿನ ಬದುಕು ನಡೆಸುವವನು ಅತ್ತಿ ಹಣ್ಣು ತಿನ್ನುವವನಂತೆ ಎಂದರು. ನಾಲ್ಕು ಹಣ್ಣಿನ ಆಸೆಗೆ ಕೊಂಬೆ ಅಲ್ಲಾಡಿಸಿ ನೂರು ಹಣ್ಣು ನೆಲಕ್ಕೆ ಉದುರಿಸುವವನು ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಇನ್ನೊಂದು ತುದಿಯನ್ನೂ ಅವರು ಬಿಡಲಿಲ್ಲ. ಆದಾಯ ಚೆನ್ನಾಗಿದ್ದೂ ಹಸಿದು ಬದುಕುವ ಜಿಪುಣನದೂ ಸಮಬಾಳ್ವೆಯಲ್ಲ.

*ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡೋಣ*

ಉದಾಹರಣೆಗೆ 24,000 ರೂಪಾಯಿಯ ಫೋನು. ವರ್ಷಕ್ಕೆ ಶೇ. 16ರ ಬಡ್ಡಿ, 12 ಕಂತು. ತಿಂಗಳಿಗೆ ಸುಮಾರು 2,178 ರೂ. ಕಟ್ಟಬೇಕು. ವರ್ಷಕ್ಕೆ ಸುಮಾರು 26,130 ರೂ. ಆಯಿತು. ಸಂಸ್ಕರಣಾ ಶುಲ್ಕ ಬೇರೆ. ಒಂದು ಕಂತು ತಪ್ಪಿದರೆ ದಂಡ, ಜೊತೆಗೆ ಸಿಬಿಲ್ ಅಂಕಕ್ಕೆ ಪೆಟ್ಟು. ನಾಳೆ ಮಗಳ ಕಾಲೇಜಿಗೆ ಶಿಕ್ಷಣ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಅದೇ ಅಂಕವನ್ನು.

ಅದೇ ವ್ಯಕ್ತಿ ತಿಂಗಳಿಗೆ 2,000 ರೂ.ನಂತೆ ಬ್ಯಾಂಕಿನ ಒಂದು ವರ್ಷದ ಆರ್‌ಡಿಯಲ್ಲೋ ಸ್ವಸಹಾಯ ಸಂಘದಲ್ಲೋ ಕಟ್ಟಿದರೆ ವರ್ಷದ ಕೊನೆಗೆ 24,000 ಮತ್ತು ಒಂದಿಷ್ಟು ಬಡ್ಡಿ ಕೈಯಲ್ಲಿರುತ್ತದೆ. ಅಷ್ಟರಲ್ಲಿ ಅದೇ ಫೋನಿನ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ. ಕಾಯುವವನಿಗೆ ಬಡ್ಡಿ ಬರುತ್ತದೆ, ಆತುರಪಡುವವನು ಬಡ್ಡಿ ಕಟ್ಟುತ್ತಾನೆ.

"ಸರ್, ಇದು ಬಡ್ಡಿಯಿಲ್ಲದ ಕಂತು" ಎನ್ನುವವರಿದ್ದಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಶುಲ್ಕದ ಹೆಸರಿನಲ್ಲಿ ಮುಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು.

*ಹೊಸದು ಎಂದ ಮಾತ್ರಕ್ಕೆ ಉಳಿಯುವುದಿಲ್ಲ*

ಎಲ್ಲ ಸಂಸ್ಕಾರಗಳೂ ಅನಿತ್ಯ ಎನ್ನುತ್ತೇವೆ. ಅಂಗಡಿಯ ಸಾಮಾನು ಅದಕ್ಕೆ ಒಳ್ಳೆಯ ಪಾಠ. 3ಡಿ ಟಿವಿ ಎಂದರೆ ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಅದೇ. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದವು. ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎಂಬ ಎರಡು ಬಗೆಯ ಡಿಸ್ಕ್‌ಗಳು ಪೈಪೋಟಿಗಿಳಿದಾಗ, 2008ರಲ್ಲಿ ತೋಷಿಬಾ ಸೋಲೊಪ್ಪಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಮೊದಲೇ ಮುಗಿಬಿದ್ದು ಕೊಂಡವರ ಪ್ಲೇಯರ್‌ಗೆ ಹೊಸ ಸಿನಿಮಾ ಬರುವುದು ನಿಂತಿತು. ಸ್ವಲ್ಪ ಕಾದವರಿಗೆ ನಷ್ಟವಾಗಲಿಲ್ಲ.

ಹಣ ಕೊಟ್ಟರೂ ನಮ್ಮದಾಗದ ವಸ್ತುಗಳು ಈಗ ಇನ್ನೂ ಹೆಚ್ಚು. 2009ರಲ್ಲಿ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳ ಕೆಲವು ಪ್ರತಿಗಳನ್ನು ಓದುಗರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಮಾಯವಾದವು. ಹಣವನ್ನೇನೋ ಹಿಂದಿರುಗಿಸಿದರು. ಆದರೆ ನಮ್ಮ ಕಪಾಟಿನಲ್ಲಿರುವ ಬಾಬಾಸಾಹೇಬರ ಸಂಪುಟವನ್ನು ಯಾವ ಕಂಪನಿಯೂ ರಾತ್ರೋರಾತ್ರಿ ಬಂದು ಒಯ್ಯಲಾರದು.

ಹಾಗೆಂದು ಹೊಸ ರೂಪವನ್ನು ದೂರವಿಡಬೇಕೇ? ಬೇಡ. ಧಮ್ಮವೇ ಎಷ್ಟು ರೂಪ ದಾಟಿ ಬಂದಿದೆ ನೋಡಿ. ಕೆಲವು ಶತಮಾನ ಭಿಕ್ಷುಗಳ ನೆನಪಿನಲ್ಲಿ, ಬಾಯಿಂದ ಬಾಯಿಗೆ ಉಳಿಯಿತು. ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ, ಕ್ಷಾಮ ಮತ್ತು ಯುದ್ಧದಿಂದ ನೆನಪಿಟ್ಟುಕೊಂಡವರೇ ಇಲ್ಲವಾಗುವ ಭಯ ಬಂದಾಗ, ತಿಪಿಟಕವನ್ನು ಬರೆದಿಡಲಾಯಿತು. 1893ರಲ್ಲಿ ಥಾಯ್ಲೆಂಡಿನಲ್ಲಿ ಅಚ್ಚಾಯಿತು. ಆಮೇಲೆ ಇಗತ್ಪುರಿಯ ವಿಪಶ್ಯನಾ ಸಂಶೋಧನಾ ಸಂಸ್ಥೆ ಸಿಡಿಯಲ್ಲಿ ತಂದಿತು. ಇವತ್ತು ಫೋನಿನಲ್ಲೇ ಓದಬಹುದು. ಪ್ರತಿ ಸಲವೂ ಮುಂದೆ ಬಂದದ್ದು ಕೆಲಸ, ಅದರ ಹಿಂದೆ ಬಂದದ್ದು ಹೊಸ ರೂಪ.

ಬಾಬಾಸಾಹೇಬರೂ ಹೀಗೆಯೇ ನಡೆದರು. ದನಿಯಿಲ್ಲದವರಿಗೆ ದನಿ ಬೇಕಾದಾಗ 1920ರಲ್ಲಿ 'ಮೂಕನಾಯಕ' ತಂದರು. ಜಗತ್ತಿಗೆ ಬೌದ್ಧ ಧಮ್ಮದ ಬಗ್ಗೆ ಹೇಳಬೇಕಾದಾಗ 1956ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೊದಲ್ಲಿ ಮಾತಾಡಿದರು. ಅವರಿಗೆ ಹೇಳಲು ವಿಷಯವಿತ್ತು, ಅದಕ್ಕೆ ತಕ್ಕ ಸಾಧನವನ್ನು ಹುಡುಕಿಕೊಂಡರು.

*ಕಾಯಬಾರದ ಸಮಯವೂ ಇದೆ*

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಫೋನಿಗೆ, ಚಂದನ ವಾಹಿನಿಗೆ ಹೋಯಿತು. ಮನೆಯಲ್ಲಿ ಫೋನಿಲ್ಲದ ಮಕ್ಕಳು ಪಾಠದಿಂದ ಹೊರಗುಳಿದರು. ಹೊರಗೆ ನಿಲ್ಲಿಸುವುದು ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಸಾಲ ಮಾಡಿ ತಂದ ಫೋನು ತೃಷ್ಣೆಯಲ್ಲ, ಅದು ಸ್ಲೇಟು-ಬಳಪ. 2013ರ ಮಾರ್ಚ್ ಕೊನೆಗೆ ಬೆಂಗಳೂರು, ಮೈಸೂರಿನಲ್ಲಿ ಹಳೆಯ ಕೇಬಲ್ ನಿಲ್ಲಿಸಲು ಗಡುವು ಬಂದಾಗ ಸೆಟ್‌ಟಾಪ್ ಬಾಕ್ಸ್ ತೆಗೆದುಕೊಳ್ಳದೆ ದಾರಿಯಿರಲಿಲ್ಲ. ಹಾಗೆಯೇ ಹಳೆಯ ಫೋನಿಗೆ ಸುರಕ್ಷತೆಯ ಅಪ್‌ಡೇಟ್ ನಿಂತು, ಬ್ಯಾಂಕಿನ ಆ್ಯಪ್ ತೆರೆಯದಂತಾದರೆ ಬದಲಿಸುವುದೇ ಸರಿ. ದಾರಿ ಮುಚ್ಚಿದಾಗ, ಕೆಲಸ ನಿಂತಾಗ ತಡಮಾಡಬಾರದು.

ಕೌಶಾಂಬಿಯ ಉದೇನ ರಾಜನ ರಾಣಿಯರು ಭಂತೆ ಆನಂದರಿಗೆ ಐನೂರು ಚೀವರ ದಾನ ಮಾಡಿದ ಕಥೆ ನಿಮಗೆ ಗೊತ್ತಿರಬಹುದು. ಇಷ್ಟೊಂದನ್ನು ಏನು ಮಾಡುತ್ತೀರಿ ಎಂದು ರಾಜ ಕೇಳಿದ. ಹರಿದ ಚೀವರದ ಭಿಕ್ಷುಗಳಿಗೆ ಹಂಚುತ್ತೇನೆ ಎಂದರು ಆನಂದರು. ಹಳೆಯವು? ಹಾಸಿಗೆಯ ಹೊದಿಕೆಯಾಗುತ್ತವೆ. ಹಳೆಯ ಹೊದಿಕೆಗಳು? ನೆಲಹಾಸು, ಕಾಲೊರಸು, ಧೂಳೊರಸು. ಕೊನೆಗೆ ಚೂರು ಮಾಡಿ, ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು. ಹೊಸದು ತರುವಾಗ ಹಳೆಯದರ ಗತಿ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ನಿಮ್ಮ ಹಳೆಯ ಫೋನು ಹತ್ತನೆಯ ತರಗತಿಯ ಮಗುವೊಂದಕ್ಕೆ ಪಾಠ ಕೇಳುವ ಯಂತ್ರವಾಗಬಹುದು. ಪೂರ್ತಿ ಕೆಟ್ಟಿದ್ದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಕಸದ ತೊಟ್ಟಿಗೆ ಎಸೆಯಬೇಡಿ. ಅದನ್ನು ಕೈಯಿಂದ ಬಿಚ್ಚಿ, ಸುಟ್ಟು, ಹೊಗೆ ಕುಡಿಯುವವರು ಬಡವರೇ.

*ಕೊಳ್ಳುವ ಮುನ್ನ ಐದು ಪ್ರಶ್ನೆ*

1. ಈ ವಸ್ತು ಮಾಡುವ ಕೆಲಸ ಈಗ ನನ್ನ ಮುಂದೆ ಇದೆಯೇ, ಅಥವಾ ವಸ್ತು ನೋಡಿದ ಮೇಲೆ ಕೆಲಸ ಹುಡುಕುತ್ತಿದ್ದೇನೆಯೇ?
2. ಕೈಯಲ್ಲಿರುವುದನ್ನು ರಿಪೇರಿ ಮಾಡಿಸಿದರೆ, ಬ್ಯಾಟರಿ ಬದಲಿಸಿದರೆ ಆ ಕೆಲಸ ನಡೆಯುತ್ತದೆಯೇ?
3. ಸಾಲವಿಲ್ಲದ ಸುಖ ಉಳಿಯುತ್ತದೆಯೇ? ಉಳಿಯದಿದ್ದರೆ, ಆ ಸಾಲ ಮಕ್ಕಳ ಓದಿಗೋ ಹೊಟ್ಟೆಪಾಡಿಗೋ ಆಗಿದೆಯೇ?
4. ಆರು ತಿಂಗಳು ಕಾದರೆ ನಷ್ಟವೇನು? ಏನೂ ಇಲ್ಲ ಎಂದಾದರೆ ಕಾಯಿರಿ. ಬೇರೆಯವರು ಬಳಸಿ ಅದರ ಗುಣದೋಷ ಹೇಳಲಿ.
5. ಇದು ಮನೆಗೊಂದು ಬೇಕೇ, ಬಳಗಕ್ಕೊಂದು ಸಾಕೇ? ಪ್ರೊಜೆಕ್ಟರ್, ಪ್ರಿಂಟರ್, ಒಳ್ಳೆಯ ಮೈಕು ವಿಹಾರದಲ್ಲಿ ಒಂದಿದ್ದರೆ ಎಲ್ಲರಿಗೂ ಇದ್ದಂತೆ.

*ಇಂದಿನ ಅಭ್ಯಾಸ*

ಕೊಳ್ಳಬೇಕು ಎನಿಸಿದ ವಸ್ತುವಿನ ಹೆಸರು, ಇವತ್ತಿನ ತಾರೀಖು, ಅದರಿಂದ ಆಗಬೇಕಾದ ಕೆಲಸ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಹುಣ್ಣಿಮೆಗೆ ಮತ್ತೆ ತೆಗೆದು ಓದಿ. ಕೆಲಸ ಇನ್ನೂ ಅಲ್ಲೇ ಕಾಯುತ್ತಿದ್ದರೆ ತಕ್ಕಡಿ ನೋಡಿ ಧೈರ್ಯವಾಗಿ ಕೊಳ್ಳಿ, ಯಾರ ಕಣ್ಣಿಗೂ ಅಂಜಬೇಡಿ. ಆಸೆ ಮಾತ್ರ ಬಂದು ಹೋಗಿದ್ದರೆ, ಅದು ಹೇಗೆ ಹುಟ್ಟಿ ಹೇಗೆ ಅಡಗಿತು ಎಂದು ಗಮನಿಸಿ. ಅದೂ ಧ್ಯಾನವೇ.

ಇನ್ನೊಂದು ಕೆಲಸ. ನಿಮ್ಮ ಮನೆಯ ಅಟ್ಟದಲ್ಲಿ ಭೀಮಗೀತೆಗಳ, ಬುದ್ಧ ವಂದನೆಯ, ಹಿರಿಯರ ಭಾಷಣದ ಹಳೆಯ ಕ್ಯಾಸೆಟ್ಟುಗಳಿದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಟೇಪಿಗೆ ಬೂಷ್ಟು ಹಿಡಿಯುವ ಮೊದಲು, ಟೇಪ್ ರೆಕಾರ್ಡರ್ ಇರುವವರನ್ನು ಬಳಗದಲ್ಲೇ ವಿಚಾರಿಸಿ ಫೋನಿಗೋ ಪೆನ್‌ಡ್ರೈವ್‌ಗೋ ಇಳಿಸಿಕೊಳ್ಳಿ, ಎರಡು ಕಡೆ ಪ್ರತಿ ಇಡಿ. ತೀರಿಹೋದ ಹಿರಿಯರ ದನಿಯನ್ನು ಯಾವ ಆಫರ್‌ನಲ್ಲೂ ಮತ್ತೆ ಕೊಳ್ಳಲಾಗುವುದಿಲ್ಲ. ಹೊಸ ಸಾಧನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.